ವಿಭೂತಿಯ ಕೆಳಗಿನ ಕಾಗದ

ರನ್ನ ಬೆಳಗಲಿಯ ಶಂಕ್ರೆವ್ವ ಕೌದಿ ಹೊಲಿಯುವುದರಲ್ಲಿ ಹೆಸರಾದವರು. ವಯಸ್ಸು ಎಪ್ಪತ್ತಾರು, ತೂಕ ನಲವತ್ತು ಕಿಲೋ. ಹಳೇ ಸೀರೆಯ ತುಂಡು ಜೋಡಿಸುತ್ತ ಕುಳಿತರೆ ಅವರಿಗೆ ಮಾತು ಕಡಿಮೆ, ಬೇನೆಯ ಮಾತಂತೂ ಇಲ್ಲವೇ ಇಲ್ಲ. ಹೆಸರು ಹಿಡಿದು ಕರೆದರೆ ರೋಗ ಮನೆಯೊಳಗೆ ಬರುತ್ತದೆ ಎಂದು ಅವರ ಅತ್ತೆ ಹೇಳುತ್ತಿದ್ದರಂತೆ.

ಹೋದ ವರ್ಷ ಮಗ ಪರಮಾನಂದ ಮುಧೋಳದಲ್ಲಿ ಅವರ ರಕ್ತ ಪರೀಕ್ಷೆ ಮಾಡಿಸಿದ. ಮೂತ್ರಪಿಂಡಗಳು ಮೂರರಲ್ಲಿ ಒಂದು ಪಾಲು ಮಾತ್ರ ಕೆಲಸ ಮಾಡುತ್ತಿವೆ, ಎಲ್ಲಿ ಔಷಧ ತೆಗೆದುಕೊಂಡರೂ ಮೊದಲು ಈ ಕಾಗದ ತೋರಿಸಿ ಎಂದು ಡಾಕ್ಟರಮ್ಮ ಎರಡೆರಡು ಸಲ ಹೇಳಿದರು. ಶಂಕ್ರೆವ್ವ ಕಾಗದವನ್ನು ದೇವರ ಜಗಲಿಯ ಮೇಲೆ ವಿಭೂತಿ ತಟ್ಟೆಯ ಕೆಳಗಿಟ್ಟರು. ಇದನ್ನು ಶಿವನಿಗೆ ಒಪ್ಪಿಸಿದ್ದೇನೆ, ಶಿವರಾತ್ರಿಯವರೆಗೆ ಬೇನೆಯ ಹೆಸರು ಎತ್ತಬಾರದು, ಹೆಂಡತಿಗೂ ಹೇಳಬಾರದು ಎಂದು ಮಗನಿಂದ ಮಾತು ತೆಗೆದುಕೊಂಡರು.

ಅದೇ ವರ್ಷ ಕಾರ್ತಿಕದಲ್ಲಿ ಜ್ವರ ಬಂತು. ಉರಿಮೂತ್ರ, ಮೈನಡುಕ. ಸಕ್ಕರೆ ಕಾರ್ಖಾನೆಯಲ್ಲಿ ಕಬ್ಬು ನುರಿಸುವ ಹಂಗಾಮು, ಪರಮಾನಂದನಿಗೆ ಬಿಡುವಿರಲಿಲ್ಲ. ಸೊಸೆ ಸಂಧ್ಯಾ ಅತ್ತೆಯನ್ನು ಹತ್ತಿರದ ದವಾಖಾನೆಗೆ ಕರೆದೊಯ್ದಳು. ಮೊದಲಿಂದ ಏನಾದರೂ ಬೇನೆ ಇದೆಯೇ ಎಂದು ಅಲ್ಲಿಯ ಡಾಕ್ಟರು ಕೇಳಿದಾಗ ಅವಳು ಅತ್ತೆಯ ಮುಖ ನೋಡಿದಳು.

"ಏನೂ ಇಲ್ಲರಿ. ಗಟ್ಟಿ ಅದೇನಿ," ಎಂದರು ಶಂಕ್ರೆವ್ವ.

ಮೂತ್ರದ ಸೋಂಕು ಎಂದು ಡಾಕ್ಟರು ದಿನಕ್ಕೊಂದು ಇಂಜೆಕ್ಷನ್ ಬರೆದರು. ರಕ್ತ ಪರೀಕ್ಷೆ ಮಾಡಿಸಲಿಲ್ಲ. ಎರಡನೇ ದಿನ ಜ್ವರ ಇಳಿಯಿತು, ಸಂಧ್ಯಾ ತುಪ್ಪದ ದೀಪ ಹಚ್ಚಿದಳು. ಐದನೇ ದಿನ ಅತ್ತೆಯ ಪಾದ ಊದಿದವು, ಮೂತ್ರ ಕಡಿಮೆಯಾಯಿತು. ಕಿವಿಯಲ್ಲಿ ತವರೂರು ಬನಹಟ್ಟಿಯ ಮಗ್ಗದ ಸದ್ದು ಕೇಳುತ್ತಿದೆ ಎಂದರು.

ಪಾಳಿ ಮುಗಿಸಿ ಬಂದ ಪರಮಾನಂದ ಇಂಜೆಕ್ಷನ್ ಚೀಟಿ ನೋಡಿದ. ಜಗಲಿಯ ಮೇಲಿನ ಕಾಗದಕ್ಕೆ ಕೈ ಚಾಚಿದ.

"ಶಿವರಾತ್ರಿ ಇನ್ನೂ ದೂರ ಐತಿ," ಎಂದರು ತಾಯಿ.

"ಯವ್ವಾ, ಶಿವಾ ಓದ್ಯಾನ. ಡಾಕ್ಟರ್ ಓದಿಲ್ಲ."

ಮುಧೋಳದ ಡಾಕ್ಟರಮ್ಮ ಕಾಗದದ ಮೇಲಿನ ವಿಭೂತಿ ಮೆಲ್ಲಗೆ ಒರೆಸಿ ಓದಿದರು. ಬೈಯಲಿಲ್ಲ. ಆ ಇಂಜೆಕ್ಷನ್ ಕೆಟ್ಟ ಔಷಧವಲ್ಲ, ಆದರೆ ಹೊರಗೆ ಹೋಗುವ ದಾರಿ ಸಣ್ಣದಾದವರಲ್ಲಿ ಮೈಯಲ್ಲೇ ಉಳಿದು ಮೂತ್ರಪಿಂಡವನ್ನೂ ಕಿವಿಯನ್ನೂ ಕೆಡಿಸುತ್ತದೆ ಎಂದು ಸಂಧ್ಯಾಗೆ ಬಿಡಿಸಿ ಹೇಳಿದರು. ಅದನ್ನು ನಿಲ್ಲಿಸಿ, ಹೊಸದಾಗಿ ರಕ್ತ, ಮೂತ್ರ ಪರೀಕ್ಷಿಸಿ, ವಯಸ್ಸು ತೂಕ ಲೆಕ್ಕ ಹಾಕಿ ಬೇರೆ ಔಷಧ ಕೊಟ್ಟರು. ಪ್ರಮಾಣವನ್ನೂ ಇಳಿಸಿದರು. ಡಯಾಲಿಸಿಸ್ ಬೇಕಾದೀತೇ ಎಂಬುದಕ್ಕೆ ನಾಲ್ಕು ದಿನ ಕಾಯಬೇಕು ಎಂದರು.

ದವಾಖಾನೆಯಲ್ಲಿ ಕಳೆದ ಆ ನಾಲ್ಕು ದಿನದಲ್ಲಿ ಸಂಧ್ಯಾ ಗಂಡನಿಗೆ ಒಂದೇ ಮಾತು ಕೇಳಿದಳು: "ನಾ ಈ ಮನಿಯಾಕಿ ಅಲ್ಲೇನ್ರಿ?" ಮಂಚದ ಮೇಲಿದ್ದ ಶಂಕ್ರೆವ್ವ ಗೋಡೆಯ ಕಡೆ ಹೊರಳಿದರು.

ಡಯಾಲಿಸಿಸ್ ಬೇಕಾಗಲಿಲ್ಲ. ಆದರೆ ಮೂರರಲ್ಲಿ ಒಂದಿದ್ದ ಪಾಲು ನಾಲ್ಕರಲ್ಲಿ ಒಂದಕ್ಕೆ ಇಳಿಯಿತು. ಕೇಳದಂತಾಗಿದ್ದ ಎಡಗಿವಿ ಮರಳಿ ಬರಲಿಲ್ಲ.

ಮನೆಗೆ ಬಂದ ಮೇಲೆ ಅವರು ಕೌದಿಯ ತುಂಡುಗಳಿಂದ ಒಂದು ಚೀಲ ಹೊಲಿದು ಕಾಗದವನ್ನು ಅದರಲ್ಲಿಟ್ಟರು. ಜಗಲಿಯ ಮೇಲೆ ಈಗ ಇರುವುದು ಅದರ ಝೆರಾಕ್ಸ್. ದವಾಖಾನೆಗೆ ಹೋದರೆ ಸಂಧ್ಯಾ ಬಲಗಡೆ ಕೂಡುತ್ತಾಳೆ. ಯಾರೂ ಕೇಳುವ ಮೊದಲೇ ಶಂಕ್ರೆವ್ವ ಚೀಲ ಬಿಚ್ಚಿ ಬೇನೆಯ ಹೆಸರು ಹೇಳುತ್ತಾರೆ. ಹೇಳುವಾಗ ಸೊಸೆಯ ಸೆರಗು ಹಿಡಿದಿರುತ್ತಾರೆ.