ಬಲಕ್ಕೆ ಓಡುವ ಅಕ್ಷರ

ಮೂಡಲಗಿಯಲ್ಲಿ ಪಂಪ್‌ಸೆಟ್ ಅಂಗಡಿ ತೆರೆಯುವಾಗ ಬೋರ್ಡು ಮಾಡಿಸಲು ಗೋಕಾಕಿನ ಫ್ಲೆಕ್ಸ್ ಅಂಗಡಿಗೆ ಹೋಗಿದ್ದೆ. ಡಿಸೈನ್ ಮಾಡುವ ಹುಡುಗಿ ಅಂಗಡಿಯ ಹೆಸರನ್ನು ದಪ್ಪಗೆ ಹೊಡೆದು, ಅಕ್ಷರಗಳನ್ನೆಲ್ಲ ಬಲಕ್ಕೆ ವಾಲಿಸಿದಳು. ತುದಿಯಲ್ಲಿ ಬಾಲವಿಲ್ಲ, ಬಳುಕಿಲ್ಲ.

"ಇವು ಯಾಕ ಬೀಳಾಕತ್ತಾವು, ತಂಗಿ?" ಎಂದೆ.

"ಬೀಳಾಕತ್ತಿಲ್ಲ ಕಾಕಾ, ಓಡಾಕತ್ತಾವು. ಕುಲಗೋಡ ಬಸ್ಸಿನ್ಯಾಗ ಕುಂತವರೂ ಒಂದ ನೋಟಕ್ಕ ಓದತಾರ. ಲಾರಿ ಮ್ಯಾಲ, ಮೋಟರ್ ಡಬ್ಬಿ ಮ್ಯಾಲ ಇಂಥವ ಇರತಾವ ನೋಡ್ರಿ."

"ಓಡಲಿ. ಖರೆ ನನ್ನ ಬಲಬಾಜೂಕ ಇನ್ನೊಬ್ಬಂವ ಪಂಪ್ ಮಾರತಾನ. ಇವು ಗಿರಾಕೀನ ಅಲ್ಲಿಗೇ ಕರಕೊಂಡ ಹೋದರ?"

ಅವಳು ಮೌಸ್ ಬಿಟ್ಟು ನನ್ನ ಮುಖ ನೋಡಿದಳು. "ಹಂಗಾದ್ರ ಬೋರ್ಡು ಬಾಗಲದ ಎಡಕ್ಕ ಹಚ್ಚರಿ. ಅಕ್ಷರ ಸೀದಾ ನಿಮ್ಮ ಬಾಗಲಕ್ಕ ಓಡತಾವು."

ಹಾಗೇ ಹಚ್ಚಿಸಿದೆ. ಗಿರಾಕಿ ಬರುತ್ತಿದ್ದಾರೆ, ಅಕ್ಷರ ನೋಡಿಯೋ, ನನ್ನ ದರ ಕೇಳಿಯೋ, ಗೊತ್ತಿಲ್ಲ. ಮೊನ್ನೆ ಬಾಜೂದವನೂ ಅಂಥವೇ ಅಕ್ಷರ ಮಾಡಿಸಿ, ಬೋರ್ಡನ್ನು ತನ್ನ ಬಾಗಿಲಿನ ಬಲಕ್ಕೆ ಹಚ್ಚಿದ. ಅವು ಅವನ ಬಾಗಿಲು ಬಿಟ್ಟು ಆಚೆಯ ಚಹಾದಂಗಡಿಯ ಕಡೆಗೆ ಓಡುತ್ತಿವೆ. ನಾವಿಬ್ಬರೂ ದಿನಾ ಅಲ್ಲೇ ಚಹಾ ಕುಡಿಯುತ್ತೇವೆ. ನಾನಿನ್ನೂ ಆ ಮಾತು ತೆಗೆದಿಲ್ಲ.