ಗೆಂಚೊ ಒಂದೇ ಬೆಳಿಗ್ಗೆ ಏಳು ಸಲ ಸತ್ತದ್ದು

ಗೆಂಚೊ ಕಲಾಯ್ಜಿಯೆವ್ ಎಂಬ ಮನುಷ್ಯನ ಪಕ್ಕದ ಅಂಗಡಿಯಲ್ಲಿ ಇಪ್ಪತ್ತೆರಡು ವರ್ಷ ಬೀಜ ಮಾರಿದವಳು ನಾನು. ಇದಕ್ಕಾಗಿ ಸರ್ಕಾರ ನನಗೊಂದು ಪದಕ ಕೊಡಬೇಕಿತ್ತು, ಕೊಟ್ಟಿಲ್ಲ.

ಅವನದು ಅಚ್ಚಿನ ಅಂಗಡಿ. ನಮ್ಮೂರು ಡೊಲ್ನಾ ಕ್ರುಷಾದಲ್ಲಿ ಅಚ್ಚು ಎಂದರೆ ಬಹುಪಾಲು ಸಾವಿನೋಲೆ. ಮದುವೆಗಳು ವರ್ಷಕ್ಕೆ ಮೂರೋ ನಾಲ್ಕೋ, ಸಾವಿಗೆ ಮಾತ್ರ ಬರವಿಲ್ಲ. ಸತ್ತ ದಿನ ಒಂದು ಓಲೆ, ನಲವತ್ತನೆಯ ದಿನಕ್ಕೊಂದು, ಆರು ತಿಂಗಳಿಗೊಂದು, ಆಮೇಲೆ ವರ್ಷ ವರ್ಷವೂ ಒಂದೊಂದು. ಮೇಲೆ ಫೋಟೋ, ಕೆಳಗೆ ಹೆಸರು, ವಯಸ್ಸು, ಸತ್ತ ತಾರೀಖು, ಕಾರಣ, ಎರಡು ಸಾಲು ಹೊಗಳಿಕೆ, ಕಟ್ಟಕಡೆಗೆ ‘ದುಃಖತಪ್ತರು’ ಎಂದು ಬರೆದು ಮನೆಯವರ ಹೆಸರುಗಳು. ಅದನ್ನು ಮನೆಬಾಗಿಲಿಗೆ, ಚೌಕದ ಲಿಂಡನ್ ಮರಗಳಿಗೆ, ಬಸ್ ನಿಲ್ದಾಣದ ಕಂಬಕ್ಕೆ ಅಂಟಿಸುತ್ತೇವೆ. ನಮ್ಮೂರಿನಲ್ಲಿ ನಡೆದು ಹೋಗುವಾಗ ಬದುಕಿರುವವರಿಗಿಂತ ಸತ್ತವರೇ ಹೆಚ್ಚು ಎದುರಾಗುತ್ತಾರೆ. ನಿಜ ಹೇಳಬೇಕೆಂದರೆ ಮುಖ ನೋಡಿ ನಗುವವರೂ ಅವರೇ.

ಗೆಂಚೊನಿಗೆ ಅರವತ್ನಾಲ್ಕು. ಅವನ ಅಜ್ಜ ಊರೂರು ಸುತ್ತಿ ತಾಮ್ರದ ಪಾತ್ರೆಗಳಿಗೆ ಕಲಾಯಿ ಹಾಕುತ್ತಿದ್ದರು, ಕಲಾಯ್ಜಿಯೆವ್ ಎಂಬ ಹೆಸರು ಅಲ್ಲಿಂದ ಬಂತು. ಇವನಿಗೆ ಮದುವೆಯಿಲ್ಲ, ಮಕ್ಕಳಿಲ್ಲ, ಒಡಹುಟ್ಟಿದವರಿಲ್ಲ. ಮೂರನೆಯ ಲೋಟ ರಕಿಯಾ ಒಳಗೆ ಹೋಯಿತೋ ಇಲ್ಲವೋ, ಒಂದೇ ರಾಗ ಶುರು.

“ಬೋಯ್ಕಾ, ಊರಿಗೆಲ್ಲ ಓಲೆ ಹಾಕೋನು ನಾನು. ನಂಗ್ಯಾರು ಹಾಕ್ತಾರೆ?”

“ನಾನು ಹಾಕಿಸ್ತೀನಿ, ಈಗ ಕುಡೀದೆ ಮನೆಗೆ ಹೋಗು.”

“ಹಾಕಿಸ್ದೆ ಅಂತಿಟ್ಕೋ. ಆ ಕೊನೇ ಸಾಲಲ್ಲಿ ಯಾರ ಹೆಸರು ಬರೀತೀಯ? ಪ್ರಿಂಟರ್‌ದಾ?”

ಮೊದಲ ಸಲ ನಾನು ನಕ್ಕಿದ್ದೆ. ನೂರನೆಯ ಸಲಕ್ಕೆ ನಗು ಬರುವುದಿಲ್ಲ. ಕೊನೆಯ ಸಾಲು ಖಾಲಿಯಿರುವ ಓಲೆಯನ್ನು ನಮ್ಮೂರು ಇದುವರೆಗೆ ಕಂಡಿರಲಿಲ್ಲ. ಕುಡುಕ ಸತ್ತರೂ ಒಬ್ಬ ಸೋದರಳಿಯನ ಹೆಸರಾದರೂ ಇರುತ್ತದೆ. ಗೆಂಚೊ ಇದನ್ನು ತಮಾಷೆಯಾಗಿ ಹೇಳುತ್ತಿದ್ದನಾದರೂ ಅವನಿಗೆ ಅದು ನಿಜವಾದ ಭಯ ಎಂಬುದು ನನಗೆ ಗೊತ್ತಿತ್ತು. ಗೊತ್ತಿದ್ದೂ ನಾನು ಬೈದೇ ಕಳಿಸುತ್ತಿದ್ದೆ, ನನ್ನ ಬಾಯಿಯೇ ಅಂಥದ್ದು.

ಇನ್ನು ಅವನ ಹುಚ್ಚಿನ ವಿಷಯ. ಅವನ ಕಂಪ್ಯೂಟರಿನಲ್ಲಿ ಇದ್ದದ್ದು ಲೋಕದ ಜನ ಸೇರಿ ಪುಕ್ಕಟೆಯಾಗಿ ಕಟ್ಟಿದ ವ್ಯವಸ್ಥೆ, ಲಿನಕ್ಸ್. “ಇದಕ್ಕೆ ಒಡೆಯ ಇಲ್ಲ ಕಣೇ, ಎಲ್ಲರೂ ಒಡೆಯರೇ” ಎನ್ನುತ್ತಿದ್ದ. ಒಡೆಯನಿಲ್ಲದ ಕತ್ತೆ ಹೇಗಿರುತ್ತದೆಂದು ನಾವು ಕಂಡವರು, ಸುಮ್ಮನಿದ್ದೆವು. ಆದರೆ ಗೆಂಚೊ ಬಡಪೆಟ್ಟಿಗೆ ಬಗ್ಗುವ ಆಸಾಮಿಯಲ್ಲ. ವಾಚನಾಲಯ, ಕಟುಕ ಮಿಂಕೋನ ಅಂಗಡಿ, ದನದ ಡಾಕ್ಟರು, ಕೊನೆಗೆ ನನ್ನ ಬೀಜದ ಅಂಗಡಿಯ ಗಣಕಕ್ಕೂ ಅದನ್ನೇ ತುಂಬಿದ. ತನ್ನ ಯಂತ್ರಕ್ಕೆಂದು ಒಂಬತ್ತು ವರ್ಷದ ಹಿಂದೆ ಬರೆದ ಒಂದೇ ಸೆಟ್ಟಿಂಗ್ ಕಡತವನ್ನು ಎಲ್ಲ ಯಂತ್ರಗಳಿಗೂ ನಕಲು ಮಾಡಿದ. ಊರಿಗೆಲ್ಲ ಒಂದೇ ಅಳತೆಯ ಚಡ್ಡಿ ಹೊಲಿಸಿದ ಹಾಗೆ. ಚೌಕದ ಸುತ್ತಲಿನ ಅಂಗಡಿಗಳಿಗೆಲ್ಲ ವಾಚನಾಲಯದಿಂದ ತಂತಿ ಎಳೆದು ಒಂದೇ ಜಾಲ ಮಾಡಿದವನೂ ಅವನೇ. ಒಂದು ಲೆವ್ ದುಡ್ಡು ಕೂಡ ಯಾರಿಂದಲೂ ತೆಗೆದುಕೊಳ್ಳಲಿಲ್ಲ. ಕೆಟ್ಟಾಗ ಬಂದು ಸರಿಮಾಡುತ್ತಿದ್ದ, ಸರಿಯಿದ್ದಾಗ ಬಂದು ಕೆಡಿಸುತ್ತಿದ್ದ.

ಕಳೆದ ಮಾರ್ಚಿನಲ್ಲಿ ಅವನ ಹಳೆಯ ಪ್ರಿಂಟರು ಪ್ರಾಣ ಬಿಟ್ಟಿತು. ಪ್ಲೆವೆನ್‌ನಲ್ಲಿ ಬಾಗಿಲು ಮುಚ್ಚಿದ ಯಾವುದೋ ಕಚೇರಿಯಿಂದ ಇನ್ನೊಂದನ್ನು ತಂದ. ಹಂದಿಯಷ್ಟು ಭಾರ, ಎಚ್ಚರಾಗಲು ಎರಡು ನಿಮಿಷ ಬೇಕು. ಜೋಡಿಸಿದ, ಪುಟ ಕಳಿಸಿದ. ಗಣಕ ‘ಮುಗಿಯಿತು’ ಎಂದಿತು, ಪ್ರಿಂಟರಿನಿಂದ ಮಾತ್ರ ಏನೂ ಬರಲಿಲ್ಲ.

ಮರುದಿನ ಬುಧವಾರ. ಟೊಮೇಟೊ ಬೀಜ ತರಲು ನಾನು ಬೆಳಗಿನ ಮೊದಲ ಬಸ್ಸಿಗೆ ಪ್ಲೆವೆನ್‌ಗೆ ಹೋದೆ. ಗೆಂಚೊ ಆ ದಿನ ಏನೇನು ಮಾಡಿದ ಎಂಬುದನ್ನು ಆಮೇಲೆ ಅವನ ಬಾಯಿಂದಲೇ ಕೇಳಿದ್ದೇನೆ. ಯಾರೂ ತೊಂದರೆ ಕೊಡಬಾರದೆಂದು ಅಂಗಡಿಯ ಕದ ಎಳೆದುಕೊಂಡ. ಆ ಕದ ಹಗಲಿನಲ್ಲಿ ಹಾಕಿದ್ದನ್ನು ಇಪ್ಪತ್ತೆರಡು ವರ್ಷದಲ್ಲಿ ನಾನು ನೋಡಿಲ್ಲ. ಫೋನನ್ನು ಮೇಜಿನ ಖಾನೆಗೆ ತುರುಕಿದ. ಪರೀಕ್ಷೆಗೆಂದು ಒಂದು ಓಲೆ ತಯಾರಿಸಿದ. ಬದುಕಿರುವವರ ಹೆಸರು ಹಾಕಿದರೆ ಅಪಶಕುನ, ಸತ್ತವರದ್ದು ಹಾಕಿದರೆ ಅವರಿಗೆ ಅವಮಾನ. ಹಾಗಾಗಿ ತನ್ನದೇ ಹೆಸರು, ಗುರುತಿನ ಚೀಟಿಯ ಕಳ್ಳಮುಖದ ಫೋಟೋ ಹಾಕಿದ. ‘ದುಃಖತಪ್ತರು’ ಎಂದು ಹೊಡೆದು ಮುಂದೆ ಏನು ಹೊಡೆಯುವುದೆಂದು ತಿಳಿಯದೆ ಖಾಲಿ ಬಿಟ್ಟ.

ಅವನದೊಂದು ನಿಯಮ: ಒಂದು ಸಲಕ್ಕೆ ಒಂದೇ ಬದಲಾವಣೆ, ಪ್ರತಿ ಬದಲಾವಣೆಗೂ ಒಂದು ಗುರುತು. ಯಾವ ಪ್ರಯತ್ನದ ಹಾಳೆ ಹೊರಬಂತೆಂದು ತಿಳಿಯಲು ಸಲಸಲಕ್ಕೂ ಸಾವಿನ ಕಾರಣ ಬದಲಿಸಿದ. ಮೊದಲು ‘ಹೃದಯ ನಿಂತು’. ಬರಲಿಲ್ಲ. ಕೇಬಲ್ ಬದಲಿಸಿ ‘ಚೆರಿ ಮರದಿಂದ ಬಿದ್ದು’. ಬರಲಿಲ್ಲ. ಪ್ರಿಂಟರ್ ಓಡಿಸುವ ತಂತ್ರಾಂಶ ಬದಲಿಸಿ ‘ಅಣಬೆ ತಿಂದು’. ಕಾಗದದ ಅಳತೆ ಬದಲಿಸಿ ‘ಹೋರಿ ಹಾಯ್ದು’. ಪ್ರಿಂಟರನ್ನು ಪಟ್ಟಿಯಿಂದ ಅಳಿಸಿ ಮತ್ತೆ ಸೇರಿಸಿ ‘ಸಿಡಿಲು ಬಡಿದು’. ಇಡೀ ಗಣಕವನ್ನೇ ಮಲಗಿಸಿ ಎಬ್ಬಿಸಿ ‘ರಕಿಯಾ ಪೀಪಾಯಿಗೆ ಬಿದ್ದು’. ಪ್ರತಿ ಸಲವೂ ಗಣಕ ‘ಮುಗಿಯಿತು’ ಎಂದೇ ಹೇಳಿತು. ಅಂತರಜಾಲದ ವೇದಿಕೆಯಲ್ಲಿ ದೂರು ಬರೆದ. ಪೋರ್ಚುಗಲ್ಲಿನ ಯಾರೋ ಪುಣ್ಯಾತ್ಮ ಒಂದೇ ಸಾಲು ಉತ್ತರಿಸಿದ: ‘ಅದು ನಿಮ್ಮದೇ ಪ್ರಿಂಟರ್ ಹೌದೇ, ನೋಡಿದ್ದೀರಾ?’ ಗೆಂಚೊನ ಮೈ ಉರಿದುಹೋಯಿತು. “ಹೊತ್ತು ತಂದೋನು ನಾನು, ನನ್ನದಲ್ದೆ ನಿಮ್ಮಪ್ಪಂದಾ?” ಎಂದು ಬರೆದು, ಅಳಿಸಿ, ‘ಧನ್ಯವಾದ’ ಎಂದು ಹಾಕಿದ. ಏಳನೆಯ ಹಾಳೆಯಲ್ಲಿ ಸಾವಿನ ಕಾರಣ ‘ಪ್ರಿಂಟರಿನ ಕೈಯಿಂದ’.

ಏಳೂ ಹಾಳೆಗಳು ಬಂದಿದ್ದವು. ಚೌಕದ ಆಚೆ ಬದಿಯ ವಾಚನಾಲಯದಲ್ಲಿ, ರುಸಾಂಕಾಳ ಮೇಜಿನ ಪಕ್ಕ.

ರುಸಾಂಕಾ ನಮ್ಮ ವಾಚನಾಲಯವನ್ನು ನೋಡಿಕೊಳ್ಳುವವಳು. ಗೆಂಚೊ ಅಚ್ಚು ಹಾಕಿದ್ದನ್ನು ಊರಿಗೆ ಅಂಟಿಸುವುದು ಅವಳ ಹಕ್ಕು. ಗೋಂದಿನ ಡಬ್ಬಿ ಕೈಗೆ ಬಂದರೆ ಅವಳಿಗೆ ಹದಿನೆಂಟರ ಹುರುಪು. ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎನ್ನುವ ಜಾತಿ. ಆದರೂ ಪಾಪ, ಅಳುತ್ತಲೇ ಅಂಟಿಸಿದಳಂತೆ. ಫೋನು ಮಾಡಿದಳು, ಎತ್ತಲಿಲ್ಲ. ಕಿಟಕಿಯಿಂದ ನೋಡಿದಳು, ಅಂಗಡಿಯ ಕದ ಹಾಕಿದೆ. ಇನ್ನೇನು ಅನುಮಾನ? ಒಂದೊಂದು ಹಾಳೆ ಹೊರಬಂದಂತೆಲ್ಲ ಒಂದೊಂದು ಜಾಗಕ್ಕೆ ಅಂಟಿಸುತ್ತ ಹೋದಳು.

ಹತ್ತೂವರೆಯ ಬಸ್ಸಿನಿಂದ ನಾನು ಇಳಿದೆ. ಕಂಬದ ಮೇಲಿನ ಓಲೆಯಿಂದ ಗೆಂಚೊ ನನ್ನನ್ನು ನೋಡಿದ. ‘ಹೃದಯ ನಿಂತು’.

ಬೀಜದ ಚೀಲ ಜಾರಿ ಬಿತ್ತು. ಹಿಂದಿನ ದಿನ ಸಂಜೆಯಷ್ಟೇ ಅವನನ್ನು ‘ಮುದಿಗೂಬೆ’ ಎಂದು ಬೈದಿದ್ದೆ. ಓಲೆಯ ಕೊನೆಗೆ ಕಣ್ಣು ಹೋಯಿತು. ದುಃಖತಪ್ತರು, ಎರಡು ಚುಕ್ಕಿ, ಆಮೇಲೆ ಬಿಳಿ ಕಾಗದ. ನನಗೆ ಅಳುವಿಗಿಂತ ಮೊದಲು ಸಿಟ್ಟು ಬಂತು. ಯಾರ ಮೇಲೆಂದು ಗೊತ್ತಿಲ್ಲ. ಕೈಚೀಲದಿಂದ ಪೆನ್ನು ತೆಗೆದು ಆ ಬಿಳಿಯ ಮೇಲೆ ‘ಬೋಯ್ಕಾ, ಪಕ್ಕದ ಅಂಗಡಿಯವಳು’ ಎಂದು ಬರೆದೆ. ಕಾಗದ ಎರಡು ಕಡೆ ಹರಿಯಿತು. ಕಂಬದ ಮೇಲೆ ಆ ಓಲೆಯನ್ನು ಬಿಟ್ಟು ಹೋಗಲು ಮನಸ್ಸಾಗದೆ ಒಂದು ನಿಮಿಷ ಅದರ ಕೆನ್ನೆ ಸವರುತ್ತ ನಿಂತಿದ್ದೆ. ಯಾರೂ ನೋಡಲಿಲ್ಲ ಎಂದುಕೊಂಡಿದ್ದೇನೆ.

ಚೌಕದಲ್ಲಿ ಹತ್ತು ಹನ್ನೆರಡು ಜನ ಮರಗಳ ಕೆಳಗೆ ಜಗಳವಾಡುತ್ತಿದ್ದರು.

“ಅಣಬೆ ಕಣ್ರೀ, ಇಲ್ಲೇ ಬರ್ದಿದೆಯಲ್ಲ!”

“ಆ ಕಡೆ ಮರದಲ್ಲಿ ಹೋರಿ ಅಂತಿದೆ.”

“ಅಣಬೆ ತಿಂದು ತಲೆ ತಿರುಗಿ ಚೆರಿ ಮರ ಹತ್ತಿರ್ತಾನೆ, ಬಿದ್ದಿರ್ತಾನೆ, ಬಿದ್ದೋನ್ನ ಹೋರಿ ಹಾಯ್ದಿರತ್ತೆ. ಅದ್ರಲ್ಲೇನು ಆಶ್ಚರ್ಯ? ಗೆಂಚೊ ಯಾವ ಕೆಲ್ಸಾನ ನೆಟ್ಟಗೆ ಮಾಡಿದ್ದ?” ಎಂದದ್ದು ಕಟುಕ ಮಿಂಕೋ. ಅವನ ಕೈಯಲ್ಲಿ ಎರಡು ಕೆಂಪು ಹೂವು. ನಮ್ಮಲ್ಲಿ ಸತ್ತವರಿಗೆ ಹೂವು ಸಮಸಂಖ್ಯೆಯಲ್ಲಿ, ಬದುಕಿರುವವರಿಗೆ ಬೆಸಸಂಖ್ಯೆಯಲ್ಲಿ.

ನನ್ನ ತಲೆ ಆಗ ಓಡಿತು. ಒಬ್ಬ ಮನುಷ್ಯ ಸಾಯುವುದು ಒಂದೇ ಸಲ. ಅಂಗಡಿಯ ಹಿಂಬಾಗಿಲಿನ ಬೀಗದ ಕೈ ನನ್ನ ಬಳಿ ಇತ್ತು. ತೆಗೆದು ಒಳಗೆ ನುಗ್ಗಿದೆ, ನನ್ನ ಹಿಂದೆ ಮಿಂಕೋ, ಅವನ ಹಿಂದೆ ರುಸಾಂಕಾ. ಮೇಜಿನ ಕೆಳಗಿಂದ ಎರಡು ಕಾಲು ಚಾಚಿಕೊಂಡಿದ್ದವು. ರುಸಾಂಕಾ ಕಿಟಾರನೆ ಕಿರುಚಿದಳು. ಕಾಲುಗಳು ಬೆಚ್ಚಿದವು, ಮೇಜಿಗೆ ತಲೆ ಬಡಿದ ಸದ್ದಾಯಿತು, ಬೈಗುಳ ಕೇಳಿಸಿತು. ಸತ್ತವರು ಅಂಥ ಮಾತು ಆಡುವುದಿಲ್ಲ.

“ಬದ್ಕಿದ್ದೀಯೇನೋ ಪಾಪಿ!” ಎಂದೆ.

“ಬಾಗ್ಲು ಹಾಕಿದ್ರೂ ಬರ್ತೀರಲ್ರೇ! ಕೆಲ್ಸ ಮಾಡ್ತಿದೀನಿ ಅಂತ ಗೊತ್ತಾಗಲ್ವಾ?” ಎಂದು ಅವನು ತಲೆ ಉಜ್ಜಿಕೊಳ್ಳುತ್ತ ಎದ್ದ.

ರುಸಾಂಕಾ ಇನ್ನೂ ಅಂಟಿಸದೆ ಉಳಿದಿದ್ದ ಏಳನೆಯ ಹಾಳೆಯನ್ನು ಮುಂದೆ ಹಿಡಿದಳು. ಗೆಂಚೊ ಅದನ್ನು ಕಸಿದುಕೊಂಡು ಕಿಟಕಿಯ ಬೆಳಕಿಗೆ ಒಡ್ಡಿದ. ಅವನ ಮುಖ ಅರಳಿತು.

“ಬಂತಾ! ಅಂಚು ನೋಡು, ಒಂದು ಕೂದಲೆಳೆಯಷ್ಟೂ ಕತ್ತರಿಸಿ ಹೋಗಿಲ್ಲ! ಎಲ್ಲಿ ಬಂತು ಇದು?”

“ನನ್ನ ಹತ್ರ. ಬೆಳಗಿನಿಂದ ಏಳು ಬಂತು. ಆರು ಅಂಟಿಸ್ದೆ.”

“ಅಂಟಿಸ್ದ್ಯಾ? ಒಂದರಲ್ಲಿ ಅಣಬೆ, ಇನ್ನೊಂದರಲ್ಲಿ ಸಿಡಿಲು. ಓದ್ಲಿಲ್ವಾ ನೀನು?”

“ಅಂಟಿಸೋದು ನನ್ ಕೆಲ್ಸ, ಓದೋದಲ್ಲ” ಎಂದಳು ವಾಚನಾಲಯದ ರುಸಾಂಕಾ.

ಅವನು ಕುರ್ಚಿಯ ಮೇಲೆ ಕುಸಿದು ತನ್ನ ಒಂಬತ್ತು ವರ್ಷದ ಹಳೆಯ ಕಡತ ತೆರೆದ. ಅದರಲ್ಲಿ ಅವನೇ ಬರೆದಿದ್ದ: ನಿನ್ನ ಪ್ರಿಂಟರನ್ನು ಜಾಲದಲ್ಲಿರುವ ಎಲ್ಲರಿಗೂ ತೆರೆದಿಡು, ಯಾರು ಮೊದಲು ಓಗೊಡುತ್ತಾರೋ ಅವರಿಗೆ ಕಳಿಸು. ಹಂದಿಯಂಥ ಈ ಹೊಸ ಯಂತ್ರ ಆಕಳಿಸಿ ಏಳುವಷ್ಟರಲ್ಲಿ ವಾಚನಾಲಯದ್ದು ‘ಹೂಂ’ ಎಂದುಬಿಡುತ್ತಿತ್ತು. ವಾಚನಾಲಯದ ಯಂತ್ರವನ್ನು ಹೀಗೆ ವಿಧೇಯವಾಗಿ ಮಾಡಿಟ್ಟವನೂ ಅವನೇ.

“ಆ ಪೋರ್ಚುಗಲ್ಲಿನೋನು ಸರಿಯಾಗೇ ಹೇಳಿದ್ದ” ಎಂದು ಗೊಣಗಿದ.

“ನಿನ್ನ ತಲೆ! ಊರು ಊರೇ ಅಳ್ತಿದೆ ಹೊರಗೆ” ಎಂದೆ.

“ಊರು ಅಳ್ತಿಲ್ಲ, ಜಗಳ ಆಡ್ತಿದೆ” ಎಂದು ಮಿಂಕೋ ತಿದ್ದಿ, ಎರಡು ಹೂವಿನಲ್ಲಿ ಒಂದನ್ನು ವಾಪಸ್ ಕಿಸೆಗೆ ಇಳಿಸಿಕೊಂಡು ಉಳಿದದ್ದನ್ನು ಗೆಂಚೊನ ಕೈಗೆ ಕೊಟ್ಟ.

ಆಗ ಗೆಂಚೊನಿಗೆ ಇನ್ನೊಂದು ಹೊಳೆಯಿತು. “ರುಸಾಂಕಾ, ಕೊನೇ ಸಾಲು... ಖಾಲಿ ಬಿಟ್ಟಿದ್ದೆ. ಹಂಗೇ ಅಂಟಿಸ್ದ್ಯಾ? ಎಲ್ರೂ ನೋಡಿದ್ರಾ?” ಉತ್ತರಕ್ಕೆ ಕಾಯದೆ ಕಾಗದ ಕೆರೆಯುವ ಚಾಕು ಹಿಡಿದು ಹೊರಗೆ ಓಡಿದ. ಅರವತ್ನಾಲ್ಕರಲ್ಲಿ ಅವನು ಓಡಿದ್ದನ್ನು ನಾನು ಮೊದಲ ಸಲ ನೋಡಿದ್ದು. ಚೌಕದಲ್ಲಿದ್ದ ಜನ ದಾರಿ ಬಿಟ್ಟರು, ಒಬ್ಬ ಮುದುಕಿ ಶಿಲುಬೆಯ ಗುರುತು ಮಾಡಿಕೊಂಡಳು.

ಮೊದಲ ಲಿಂಡನ್ ಮರದ ಮುಂದೆ ಚಾಕು ಎತ್ತಿದವನು ಹಾಗೆಯೇ ನಿಂತ. ನಾನು ಏದುಸಿರು ಬಿಡುತ್ತ ಪಕ್ಕಕ್ಕೆ ಹೋದೆ. ಖಾಲಿ ಸಾಲು ಖಾಲಿ ಇರಲಿಲ್ಲ. ‘ಮಿಂಕೋ, ಕಟುಕ’. ಮೋರಿ ನೀರಿನ ವಿಷಯಕ್ಕೆ ಇವನ ಮೇಲೆ ಎರಡು ವರ್ಷ ಮೊಕದ್ದಮೆ ನಡೆಸಿದ ಮಿಂಕೋ. ಕೆಳಗೆ ದನದ ಡಾಕ್ಟರು. ಅದರ ಕೆಳಗೆ ನಡುಗುವ ಅಕ್ಷರದಲ್ಲಿ ‘ನನ್ನ ಮುದುಕನ ಓಲೆಗೆ ಹಣ ತೆಗೆದುಕೊಳ್ಳದವನು’ ಎಂದು ಬರೆದು ಆ ಮುದುಕಿಯ ಹೆಸರು. ಮುಂದಿನ ಮರದಲ್ಲಿ ಜಾಗ ಸಾಲದೆ ಅಂಚಿನ ಸುತ್ತ ಬರೆದಿದ್ದರು. ವಾಚನಾಲಯದ ಬಾಗಿಲಿನಲ್ಲಿ ರುಸಾಂಕಾಳ ಸಹಿ, ಮುದ್ರೆ ಸಮೇತ. ಖಾಲಿ ಸಾಲು ಕಂಡು ನನಗೆ ಬಂದ ಸಿಟ್ಟು ಊರಿಗೆಲ್ಲ ಬಂದಿತ್ತು.

ಗೆಂಚೊ ಒಂದೊಂದನ್ನೂ ಓದಿದ, ಒಂದನ್ನೂ ಕೆರೆಯಲಿಲ್ಲ. ಕೊನೆಗೆ ಬಸ್ ನಿಲ್ದಾಣದ ಕಂಬದ ಹತ್ತಿರ ಬಂದೆವು. ಅವನನ್ನು ಅಲ್ಲಿಗೆ ಬಿಡಬಾರದೆಂದು ನಾನು ಎಷ್ಟೋ ಪ್ರಯತ್ನಿಸಿದೆ, “ಅಲ್ಲೇನಿಲ್ಲ ನಡಿ” ಎಂದೆ. ಕೇಳಬೇಕಲ್ಲ.

ಕಾಗದ ಹರಿದ ಜಾಗವನ್ನು ಬೆರಳಿನಿಂದ ಮುಟ್ಟಿ ನೋಡಿದ.

“ಇಷ್ಟು ಒತ್ತಿ ಯಾರೇ ಬರೀತಾರೆ, ಮಾರಾಯ್ತಿ?”

“ಪೆನ್ನು ಸರಿ ಇರ್ಲಿಲ್ಲ.”

ಅವನ ಕಣ್ಣಿನಿಂದ ನೀರು ಇಳಿಯಿತು. ನನ್ನ ಕಣ್ಣಿನಿಂದಲೂ. ಹನ್ನೊಂದೂವರೆಯ ಬಸ್ಸಿನವನು ನಮ್ಮಿಬ್ಬರನ್ನೂ ನೋಡಿ, ಆಮೇಲೆ ಓಲೆಯನ್ನು ನೋಡಿ, ಬಾಗಿಲು ತೆರೆಯದೆ ಮುಂದೆ ಹೋದ. ಗೆಂಚೊ ಚಾಕುವನ್ನು ಕಾಗದದ ಕೆಳಗೆ ತೂರಿಸಿ, ಮಗುವಿನ ಗಾಯದ ಪಟ್ಟಿ ಬಿಡಿಸಿದಂತೆ ಮೆಲ್ಲಗೆ, ಗೋಂದಿನ ಸಮೇತ ಆ ಹಾಳೆಯನ್ನು ಎಬ್ಬಿಸಿ ಅಂಗಿಯ ಒಳಗೆ ಇಟ್ಟುಕೊಂಡ.

“ಅದನ್ಯಾಕೆ ತಗೊಂಡೆ? ಎಸಿ ಆಚೆ. ನಾಳೆ ನಿಜವಾಗ್ಲೂ ಸತ್ರೆ ಹೊಸದು ಹಾಕಿಸಿದ್ರಾಯ್ತು” ಎಂದೆ.

“ಬೇಡ. ಇದ್ರಲ್ಲಿ ಎಲ್ಲಾ ಸರಿಯಾಗಿದೆ. ತಾರೀಖೊಂದು ಬದಲಾಯಿಸಿದ್ರೆ ಸಾಕು.”

“ಆ ತಾರೀಖು ಬೇಗ ಬಂತೋ, ನಾನೇ ಕೊಲ್ತೀನಿ ನಿನ್ನ” ಎಂದು ಹೇಳಿ, ಕಂಬದ ಬುಡದಲ್ಲಿ ಬಿದ್ದಿದ್ದ ಬೀಜದ ಚೀಲವನ್ನು ಅವನಿಗೆ ಹೊರಿಸಿ, ಅಂಗಡಿಯ ಕಡೆಗೆ ನಡೆದೆ.