ನಾಲ್ಕು ಸ್ಪೀಕರ್‌ಗಳ ಸದ್ದು

ತೆಲಂಗಾಣ ಬೇರೆ ರಾಜ್ಯವಾದ ವರ್ಷ ನನ್ನ ಗಂಡ ಮಕ್ತಲ್‌ನ ನಮ್ಮ ಮನೆಗೆ ಹೋಮ್ ಥಿಯೇಟರ್ ತಂದರು. ರಾಯಚೂರು ಬಸ್ಸಿನ ಡ್ರೈವರ್ ಆಗಿದ್ದ ಅವರಿಗೆ ಬೇರೆ ಶೋಕಿ ಇರಲಿಲ್ಲ. ಮೊದಲು ಎರಡೇ ಸ್ಪೀಕರ್ ಇದ್ದವು. ಸದ್ದು ಸಾಲದು ಎಂದು ತಿಂಗಳೊಳಗೆ ಇನ್ನೆರಡು ತಂದು, ಅವೇ ತಂತಿಗಳಿಗೆ ತಾವೇ ಜೋಡಿಸಿದರು. ಹೊಸ ಸರ್ಕಾರದ ಸುದ್ದಿ ಓಣಿಯ ಕೊನೆಯವರೆಗೂ ಕೇಳುತ್ತಿತ್ತು. ನನಗೆ ತಲೆನೋವು ಬರುತ್ತಿತ್ತು. ಅವರ ಖುಷಿ ಯಾಕೆ ಕೆಡಿಸಲಿ ಎಂದು ಸುಮ್ಮನಿದ್ದೆ.

ಆಮೇಲೆ ಸ್ಪೀಕರ್‌ಗಳಿಗೆ ಸದ್ದು ಕೊಡುವ ರಿಸೀವರ್ ಪೆಟ್ಟಿಗೆ ಹತ್ತು ನಿಮಿಷಕ್ಕೊಮ್ಮೆ ಆರಿಹೋಗತೊಡಗಿತು. ಮುಟ್ಟಿದರೆ ಕೈ ಸುಡುತ್ತಿತ್ತು. ಗದ್ವಾಲದಿಂದ ವಯಸ್ಸಾದ ಮೆಕ್ಯಾನಿಕ್ ಒಬ್ಬರನ್ನು ಕರೆಸಿದೆವು. ಅವರು ರಿಸೀವರ್ ತಿರುಗಿಸಿ ಹಿಂದೆ ಬರೆದಿದ್ದನ್ನು ಓದಿದರು.

"ಆರು ಓಮ್‌ಗಿಂತ ಕಡಿಮಿ ತಡೆ ಇರೋ ಸ್ಪೀಕರ್ ಕಟ್ಟಬ್ಯಾಡ್ರಿ ಅಂತ ಬರದೈತಿ. ನೀವು ಎಂಟು ಓಮಿನವು ಎರಡೆರಡು ಕೂಡಿಸೀರಿ, ನಾಕಕ್ಕ ಇಳದೈತಿ. ಕರೆಂಟ್ ಜಾಸ್ತಿ ಎಳದು ಕಾಯತೈತಿ. ಸುಡಬಾರದಂತ ತಾನ ಬಂದ್ ಆಕೈತಿ."

ಹೊಸ ಎರಡನ್ನು ಬಿಚ್ಚಿಟ್ಟು ಟಿವಿ ಹಾಕಿದರು. ಮಾತು ಸ್ಪಷ್ಟವಾಗಿ ಮನೆಯೆಲ್ಲ ತುಂಬಿತು.

"ಎಂಬತ್ತು ವ್ಯಾಟಿನ ರಿಸೀವರ್, ನೂರು ವ್ಯಾಟಿನ ಸ್ಪೀಕರ್. ಜೋಡಿ ಸರಿ ಐತಿ. ಈ ಮನಿಗಿ ಇಷ್ಟು ಬೇಕಾದಷ್ಟಾತು."

ಕಿಟಕಿಯ ಕಡೆ ಮುಖ ಮಾಡಿ ನಿಂತಿದ್ದ ನನ್ನ ಗಂಡ ಕೇಳಿದರು, "ಇನ್ನೂ ಹಚ್ಚಿಲ್ಲೇನ್ರಿ?"

ಮೆಕ್ಯಾನಿಕ್ ನನ್ನ ಗಂಡನ ಬೆನ್ನ ಹಿಂದೆ ನಿಂತು ಎರಡು ಸಲ ಕರೆದರು. ಇವರು ತಿರುಗಲಿಲ್ಲ.

"ರಿಸೀವರ್ ದುರಸ್ತಿ ಆತಮ್ಮಾ. ಇವರನ್ನ ಕಿವಿ ಡಾಕ್ಟರಿಗಿ ತೋರಸ್ರಿ."

ಅವರು ಹೋದ ಮೇಲೆ ಗಂಡನ ಎದುರು ಕೂತು, ಯಾವಾಗಿನಿಂದ ಎಂದು ಕೇಳಿದೆ.

"ಎರಡು ವರ್ಷಾತು. ಮಂದಿ ತುಟಿ ನೋಡಿ ತಿಳ್ಕೊಂತೀನಿ. ಹಿಂದಿನ ಗಾಡಿ ಕನ್ನಡ್ಯಾಗ ಕಾಣತೈತಿ."

"ಅಷ್ಟು ಮಂದೀನ ಕುಂದರಿಸ್ಕೊಂಡು ಹಿಂಗ ಓಡಸ್ತೀರೇನ್ರೀ?"

"ಹೇಳಿದ್ರ ಸ್ಟೇರಿಂಗ್ ಕಸಗೊಂತಾರ. ಆಮ್ಯಾಲ ನಾ ಏನ್ ಮಾಡ್ಲಿ?"

ನಾರಾಯಣಪೇಟೆಯ ಡಾಕ್ಟರ ಹತ್ತಿರ ಹೋಗೋಣವೆಂದು ದಿನಾ ಬೇಡಿಕೊಂಡೆ. ಅವರು ದಿನಾ ಡ್ಯೂಟಿಗೆ ಹೋದರು. ಒಂದು ದಿನ ಮಕ್ತಲ್ ಬಸ್‌ ನಿಲ್ದಾಣದಲ್ಲಿ ಅವರ ಬಸ್ಸು ಹಿಂದಕ್ಕೆ ಬರುವಾಗ ಜನ ಕೂಗಿಕೊಂಡರು. ಒಬ್ಬ ಮುದುಕಿಯನ್ನು ಯಾರೋ ಸೆರಗು ಹಿಡಿದು ಪಕ್ಕಕ್ಕೆ ಎಳೆದರು. ಬಸ್ಸು ನಿಲ್ಲಲಿಲ್ಲ. ತರಕಾರಿ ಕೊಳ್ಳುತ್ತಿದ್ದ ನಾನು ಅದನ್ನು ಕಣ್ಣಾರೆ ಕಂಡೆ.

ಮರುದಿನ ನಾನೇ ಡಿಪೋಗೆ ಹೋಗಿ ಹೇಳಿಬಂದೆ.

ಪರೀಕ್ಷೆ ಮಾಡಿಸಿದರು. ಅವರನ್ನು ಬಸ್ಸಿನಿಂದ ಇಳಿಸಿ ಗೇಟಿನ ಕೆಲಸಕ್ಕೆ ಹಾಕಿದರು. ಹೇಳಿದ್ದು ನಾನೆಂದು ಗೊತ್ತಾದಾಗಲೂ ಅವರು ಜಗಳವಾಡಲಿಲ್ಲ. ಅಂದಿನಿಂದ ನಾನು ಮಾತಾಡುವಾಗ ನನ್ನ ಮುಖ ನೋಡುವುದನ್ನು ಮಾತ್ರ ಬಿಟ್ಟುಬಿಟ್ಟರು.